ಕಾರ್ಬನ್ ಹಾಳೆ ಸುಡುತ್ತಿದ್ದವರು

೨೦೦೯ರ ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಸುಮನಹಳ್ಳಿಯ ವಿದ್ಯುತ್ ಚಿತಾಗಾರ. ಹಾಜರಿದ್ದವರು ಐದು ಜನ: ತೀರಿಕೊಂಡವರ ತಂಗಿ, ತಂಗಿಯ ಗಂಡ, ಅವರ ಅಂಗಡಿಯ ಕೆಳಗಿನ ಹಿಟ್ಟಿನ ಗಿರಣಿಯವರು, ಗಿರಣಿಯವರ ಹೆಂಡತಿ, ಮತ್ತು ನಾನು. ನಮ್ಮ ಕಾಲೇಜಿನಿಂದ ಬೇರೆ ಯಾರೂ ಬಂದಿರಲಿಲ್ಲ. ಆ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಲ್ಲಿ ಪದವಿ ಪಡೆದ ಸಂಶೋಧಕರಲ್ಲಿ ಹೆಚ್ಚಿನವರ ಪ್ರಬಂಧಗಳನ್ನು ಟೈಪ್ ಮಾಡಿಕೊಟ್ಟವರು ಅವರೇ. ನಾನು ಆ ಕಾಲೇಜಿನ ಗ್ರಂಥಪಾಲಕ. ಅರ್ಧ ದಿನದ ರಜೆ ಬರೆದುಕೊಟ್ಟು ಹೋಗಿದ್ದೆ. ಒಂದೂವರೆಗೆ ಮರಳಬೇಕಿತ್ತು.

ಎಲ್ಲರೂ ಅವರನ್ನು ಟೈಪಿಂಗ್ ಮೇಡಂ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ತಂಗಿಯ ಗಂಡ ಚಿತಾಗಾರದ ಪುಸ್ತಕದಲ್ಲಿ ಅವರ ಹೆಸರು ಬರೆಸಿದಾಗ ಒಂದು ಕ್ಷಣ ಬೇರೆ ಯಾರದೋ ಹೆಸರು ಕೇಳಿದಂತಾಯಿತು.

ಹೊಸಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲೆ, ಮೊದಲ ಮಹಡಿಯಲ್ಲಿ, ಹತ್ತಡಿ ಹನ್ನೆರಡಡಿಯ ಕೋಣೆ. ಮೆಟ್ಟಿಲಿನ ಮೇಲೆ ಸದಾ ರಾಗಿ ಹಿಟ್ಟಿನ ಪುಡಿ. ಬಾಗಿಲ ಬಳಿ ಒಂದು ಬಕೆಟ್ ನೀರು, ಒಂದು ಚೊಂಬು, ಸೋಪಿನ ಡಬ್ಬಿ. ಯಾರೇ ಬಂದರೂ ಕೈ ತೊಳೆದೇ ಹಸ್ತಪ್ರತಿ ಕೊಡಬೇಕು. ಒಮ್ಮೆ ನಮ್ಮ ಪ್ರಾಂಶುಪಾಲರೇ ಹೋಗಿದ್ದರು. ಅವರಿಗೂ ವಿನಾಯಿತಿ ಸಿಗಲಿಲ್ಲ.

"ಸಾರ್, ತಪ್ಪು ತಿಳ್ಕೋಬೇಡಿ. ಹಾಳೆ ಮೇಲೆ ಬೆರಳು ಮೂಡಿದ್ರೆ ನಂಗೆ ಕಣ್ಣು ಅಲ್ಲೇ ನಿಂತೋಗತ್ತೆ."

ಕಾರಣವನ್ನು ನನಗೆ ಎಷ್ಟೋ ವರ್ಷದ ಮೇಲೆ ಹೇಳಿದರು. ಅವರ ತಾಯಿ ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ ಅಗರಬತ್ತಿ ಹೊಸೆಯುತ್ತಿದ್ದರು. ಇದ್ದಿಲ ಪುಡಿಯ ಕರಿ ಹಿಟ್ಟನ್ನು ಮಣೆಯ ಮೇಲಿಟ್ಟು ಬಿದಿರು ಕಡ್ಡಿಗೆ ಉರುಳಿಸುವ ಕೆಲಸ. ಶಾಲೆಗೆ ಹೋಗುವ ಮುಂಚೆ ಮಗಳೂ ಕೂತು ಹೊಸೆಯಬೇಕಿತ್ತು. ಎಷ್ಟು ತಿಕ್ಕಿದರೂ ಉಗುರಿನ ಸಂದಿನ ಮಸಿ ಹೋಗುತ್ತಿರಲಿಲ್ಲ. ಕಾಪಿ ಪುಸ್ತಕದಲ್ಲಿ ಬೆರಳಚ್ಚು ಬಿದ್ದದ್ದಕ್ಕೆ ಟೀಚರು ದಿನವೂ ಬೆತ್ತದಲ್ಲಿ ಗೆಣ್ಣಿಗೆ ಹೊಡೆಯುತ್ತಿದ್ದರಂತೆ. "ಅದೇ ಗೆಣ್ಣಲ್ಲೇ ಸೀನಿಯರ್ ಟೈಪಿಂಗ್ ಪಾಸ್ ಮಾಡಿದೆ ಸಾರ್, ಫಸ್ಟ್ ಕ್ಲಾಸಲ್ಲಿ" ಎಂದು ನಕ್ಕಿದ್ದರು.

ಅವರ ಎರಡನೆಯ ನಿಯಮ ಇನ್ನೂ ಕಟ್ಟುನಿಟ್ಟಾದದ್ದು. ಕೆಲಸ ಮುಗಿದ ಮೇಲೆ ಯಾರ ಬರಹವೂ ಅವರ ಬಳಿ ಉಳಿಯಬಾರದು. ಟೈಪ್‌ರೈಟರಿನ ಕಾಲದಲ್ಲಿ ಹಾಳಾದ ಹಾಳೆಗಳನ್ನೂ ಜೋಡಿಸಿ, ದಾರ ಕಟ್ಟಿ ಕೊಡುತ್ತಿದ್ದರು. ಬಳಸಿದ ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದೆ. ಅದಕ್ಕೇ ಅವನ್ನು ಮಹಡಿಯ ಮೇಲೆ ಒಂದು ಎಣ್ಣೆ ಡಬ್ಬದಲ್ಲಿ ಹಾಕಿ, ಪ್ರಬಂಧದ ಒಡೆಯರ ಎದುರಿಗೇ ಸುಡುತ್ತಿದ್ದರು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಂಪ್ಯೂಟರ್ ಕೊಂಡ ಮೇಲೆ, ಪ್ರಿಂಟ್ ತೆಗೆದು ಫ್ಲಾಪಿ ಕೈಗೆ ಕೊಟ್ಟು, "ಬನ್ನಿ, ನೋಡಿ, ಅಳಿಸ್ತಾ ಇದೀನಿ" ಎಂದು ಪರದೆಯನ್ನು ಅವರ ಕಡೆಗೆ ತಿರುಗಿಸುತ್ತಿದ್ದರು.

"ಹೆರಿಗೆ ಮಾಡ್ಸೋಕೆ ಬಂದ ಸೂಲಗಿತ್ತಿ ಮಗೂನ ಮನೆಗೆ ಎತ್ಕೊಂಡು ಹೋಗಲ್ಲ ಸಾರ್" ಎಂಬುದು ಅವರ ಮಾತು.

ಹಾಳೆ ಉಳಿಯುತ್ತಿರಲಿಲ್ಲ, ಆದರೆ ಅವರ ಬೆರಳಲ್ಲಿ ಎಲ್ಲವೂ ಉಳಿಯುತ್ತಿತ್ತು. ಒಂದು ಪ್ಯಾರಾ ಹೊಡೆಯುವಷ್ಟರಲ್ಲಿ ಅದನ್ನು ಹಿಂದೆ ಟೈಪ್ ಮಾಡಿದ್ದೇನೆಯೇ ಎಂದು ಹೇಳಿಬಿಡುತ್ತಿದ್ದರು. ಎಂಬಿಎ ಹುಡುಗರ ಪ್ರಾಜೆಕ್ಟ್ ವರದಿಗಳು ಬರುವ ಏಪ್ರಿಲ್ ತಿಂಗಳಲ್ಲಿ ನಾನು ಸಂಜೆ ಆ ದಾರಿಯಲ್ಲಿ ಹೋಗುವಾಗ ಹತ್ತಿ ನೋಡುವುದಿತ್ತು. ಒಮ್ಮೆ ಒಬ್ಬ ಹುಡುಗ ಕೈ ತೊಳೆದು, ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ನಿಂತಿದ್ದ.

"ಇದು ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನ ಫ್ಯಾಕ್ಟರಿ ಅಲ್ವೇನಪ್ಪ? ಕಾರ್ಮಿಕರ ತೃಪ್ತಿ ಬಗ್ಗೆ?"

"ಹೌದು ಆಂಟಿ. ಎರಡು ತಿಂಗಳು ಹೋಗಿ ಸರ್ವೆ ಮಾಡಿದ್ದು."

"ಐದನೇ ಸಲ ಟೈಪ್ ಮಾಡ್ತಾ ಇದೀನಿ ಕಣಪ್ಪ. ಆ ಕಾರ್ಮಿಕರು ಯಾವಾಗ್ಲೂ ಅಷ್ಟೇ ತೃಪ್ತಿಯಾಗಿರ್ತಾರೆ. ಒಂದು ಸಲ ಬಸ್ ಹತ್ತಿ ಹೋಗಿ ನೋಡ್ಕೊಂಡಾದ್ರೂ ಬಾ. ಆ ಜಾಗದಲ್ಲಿ ಈಗ ಕಲ್ಯಾಣ ಮಂಟಪ ಆಗಿದೆ."

ಹುಡುಗ ವರದಿ ಎತ್ತಿಕೊಂಡು ಇಳಿದುಹೋದ. ಬೇರೆ ಅಂಗಡಿಯಲ್ಲಿ ಮಾಡಿಸಿದ, ಪಾಸೂ ಆದ. ಅವರಿಗೆ ಗಿರಾಕಿ ಕಡಿಮೆಯಾದದ್ದಷ್ಟೇ ಲಾಭ.

೨೦೦೭ರಲ್ಲಿ ನಮ್ಮ ಕಾಲೇಜಿಗೆ ತಂತ್ರಾಂಶ ಬಂತು. ತಪಾಸಣಾ ಸಮಿತಿ ಬರುವುದಿತ್ತು, ಅದಕ್ಕೆ ತೋರಿಸಲು ಆಡಳಿತ ಮಂಡಳಿಯವರು ಚಂದಾ ಕಟ್ಟಿದ್ದರು. ನಡೆಸುವ ಹೊಣೆ ನನಗೆ. ಪ್ರಬಂಧದ ಕಡತವನ್ನು ಕಂಪ್ಯೂಟರಿಗೆ ಏರಿಸಬೇಕು. ಅದು ಇಂಟರ್‌ನೆಟ್ಟಿನಲ್ಲಿರುವ ಬರಹಗಳೊಂದಿಗೆ ಹೋಲಿಸಿ, ಹೊಂದುವ ಸಾಲುಗಳಿಗೆ ಬಣ್ಣ ಬಳಿದು, ಕೊನೆಗೆ ಶೇಕಡಾ ಇಷ್ಟು ಎಂದು ಒಂದು ಅಂಕಿ ಕೊಡುತ್ತದೆ. ಮಿತಿಯೊಳಗಿದ್ದರೆ ನಾನು ಸ್ವಂತಿಕೆಯ ಪ್ರಮಾಣಪತ್ರಕ್ಕೆ ಸಹಿ ಮಾಡಬೇಕು. ಮಿತಿ ಮೀರಿದರೆ ವಾಪಸ್ಸು ಕಳಿಸಬೇಕು.

ನನಗೆ ಆ ಯಂತ್ರ ಮೆಚ್ಚಿಗೆಯಾಯಿತು. ಯಂತ್ರಕ್ಕೆ ಜಾತಿಯಿಲ್ಲ, ನೆಂಟರಿಲ್ಲ, ಯಾರ ಶಿಫಾರಸ್ಸೂ ಅದರ ಕಿವಿಗೆ ಬೀಳುವುದಿಲ್ಲ ಎಂದು ಸಿಬ್ಬಂದಿ ಕೋಣೆಯಲ್ಲಿ ಹೇಳಿದ್ದೆ. ಕಾರ್ಮಿಕ ಕಾನೂನಿನ ಕಲಮುಗಳನ್ನು ಇದ್ದಂತೆ ಉದ್ಧರಿಸಿದ್ದ ಪ್ರಾಮಾಣಿಕ ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಪುಟ ಪುಟವೂ ಕೆಂಪಾಗಿ ಬಂದಾಗ, ಅವಳು ಎಷ್ಟು ಕೇಳಿಕೊಂಡರೂ ನಾನು ವಾಪಸ್ಸು ಕಳಿಸಿದೆ. ನಿಯಮವೆಂದರೆ ನಿಯಮ. ಟೈಪಿಂಗ್ ಮೇಡಂಗೂ ಇದನ್ನು ಹೆಮ್ಮೆಯಿಂದ ವಿವರಿಸಿದ್ದೆ. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಇಂಟರ್‌ನೆಟ್ಟಲ್ಲಿ ಇಲ್ಲದ್ದನ್ನ ಕದ್ರೆ, ಸಾರ್?"

"ಅದು ಅಪರೂಪ ಬಿಡಿ" ಎಂದೆ.

೨೦೦೮ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಅವರು ಗ್ರಂಥಾಲಯಕ್ಕೆ ಬಂದರು. ಕೈಯಲ್ಲಿ ಒಂದು ಹಸ್ತಪ್ರತಿ, ಒಂದು ಪ್ಲಾಸ್ಟಿಕ್ ಕವರು.

"ಸಾರ್, ಐದು ನಿಮಿಷ ಇದೆಯಾ?"

"ಹನ್ನೊಂದೂವರೆಗೆ ಸ್ಟಾಕ್ ಚೆಕಿಂಗ್ ಇದೆ. ಹೇಳಿ."

"ನಮ್ಮಮ್ಮ ತೀರ್ಕೊಂಡು ಎಂಟು ವರ್ಷ ಆಯ್ತಲ್ವಾ?"

"ಹೌದು. ನಾನೂ ಬಂದಿದ್ದೆನಲ್ಲ."

"ಎರಡು ವರ್ಷದ ಹಿಂದೆ ಇಂಟರ್‌ವ್ಯೂ ಕೊಟ್ಟಿದಾರಂತೆ. ಇಲ್ಲಿ ನೋಡಿ."

ಅರ್ಥಶಾಸ್ತ್ರ ವಿಭಾಗದ ಹೊಸ ಉಪನ್ಯಾಸಕನೊಬ್ಬ ಟೈಪ್ ಮಾಡಲು ಕೊಟ್ಟ ಪಿಎಚ್.ಡಿ. ಪ್ರಬಂಧ ಅದು. ವಿಷಯ, ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮನೆಯಲ್ಲೇ ಅಗರಬತ್ತಿ ಹೊಸೆಯುವ ಹೆಂಗಸರು. ಇಂಗ್ಲಿಷಿನಲ್ಲಿತ್ತು. ನಾಲ್ಕನೆಯ ಅಧ್ಯಾಯದಲ್ಲಿ ಏಳನೆಯ ಸಂದರ್ಶನ: ವಠಾರದ ನಲ್ಲಿಯ ಬಳಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿದ್ದರಿಂದ ಎಡಗೈಯಲ್ಲಿ ಹೊಸೆಯುವ ಒಬ್ಬ ವಿಧವೆ. ಹೆಸರು ಬದಲಿಸಿದೆ ಎಂದು ಅಡಿಟಿಪ್ಪಣಿ. ಆಕೆ ಹೇಳುವ ಮಾತನ್ನು ಮೇಡಂ ಬೆರಳಿಟ್ಟು ತೋರಿಸಿದರು. ಇಂಗ್ಲಿಷಿನದನ್ನು ಓದಲಿಲ್ಲ, ಅಮ್ಮ ಹೇಳಿದ ಹಾಗೇ ಹೇಳಿದರು.

"'ಘಮಘಮ ಅನ್ನೋದನ್ನ ಫ್ಯಾಕ್ಟರೀಲಿ ಹಾಕ್ತಾರೆ ಕಣವ್ವ. ನಮ್ಮನೇಲಿ ಬರೀ ಮಸಿ.' ಅಮ್ಮ ಇದನ್ನ ಹೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ ಸಾರ್. ತೊಂಬತ್ತಾರರಲ್ಲಿ."

ತೊಂಬತ್ತಾರರಲ್ಲಿ ಅದನ್ನು ಕೇಳಿ ಬರೆದುಕೊಂಡವರು ಬೇರೆ. ನಮ್ಮದೇ ಅರ್ಥಶಾಸ್ತ್ರ ವಿಭಾಗದಲ್ಲಿದ್ದ ಒಬ್ಬ ಉಪನ್ಯಾಸಕಿ. ಅವರನ್ನು ವಠಾರಕ್ಕೆ ಕರೆದುಕೊಂಡು ಹೋಗಿ ಅಮ್ಮನಿಗೆ ಪರಿಚಯಿಸಿದವರೇ ಟೈಪಿಂಗ್ ಮೇಡಂ. ಆ ಉಪನ್ಯಾಸಕಿಗೆ ಕ್ಯಾನ್ಸರ್ ಆಯಿತು. ಹಾಸಿಗೆಯಲ್ಲಿ ಮಲಗಿಯೇ ತಿದ್ದಿದರು, ಆ ಅಧ್ಯಾಯವನ್ನು ಮೇಡಂ ಮೂರು ಸಲ ಟೈಪ್ ಮಾಡಿದರು. ತೊಂಬತ್ತೆಂಟರಲ್ಲಿ, ಪ್ರಬಂಧ ಸಲ್ಲಿಸುವ ಮೊದಲೇ, ಉಪನ್ಯಾಸಕಿ ತೀರಿಕೊಂಡರು. ಟೈಪಾದ ಪ್ರತಿಗಳೆಲ್ಲ ಮಾರ್ಗದರ್ಶಕರ ಬಳಿ ಉಳಿದವು. ಮಾರ್ಗದರ್ಶಕರು ಈಗ ವಿಭಾಗದ ಮುಖ್ಯಸ್ಥರು. ಹೊಸ ಉಪನ್ಯಾಸಕ ಅವರದೇ ಶಿಷ್ಯ.

ಇಸವಿ, ಮಜೂರಿಯ ದರ, ಇಷ್ಟನ್ನು ಬದಲಿಸಿ ಹುಡುಗ ತನ್ನ ಕೈಯಲ್ಲಿ ನಕಲು ಮಾಡಿಕೊಂಡಿದ್ದ. ಕಾಲೇಜಿನ ರೂಢಿಯಂತೆ ಟೈಪಿಂಗ್ ಮೇಡಂ ಬಳಿಗೇ ತಂದಿದ್ದ. ಹಿಂದೆ ಅದನ್ನು ಟೈಪ್ ಮಾಡಿದವರು ಯಾರೆಂದು ಮುಖ್ಯಸ್ಥರು ಯೋಚಿಸಿಯೇ ಇರಲಿಲ್ಲ. ಕೃತಜ್ಞತೆಯ ಪುಟದ ಕೊನೆಯ ಸಾಲಿನವರನ್ನು ಯಾರು ನೆನಪಿಡುತ್ತಾರೆ?

ಪ್ಲಾಸ್ಟಿಕ್ ಕವರಿನಲ್ಲಿದ್ದದ್ದು ತಾಯಿಯ ಮರಣ ಪ್ರಮಾಣಪತ್ರ. ಅದನ್ನು ನನ್ನ ಮೇಜಿನ ಮೇಲೆ ನೇರವಾಗಿ ಇಟ್ಟರು.

"ನೀವು ಸಹಿ ಮಾಡಬೇಡಿ ಸಾರ್. ಅಷ್ಟೇ ನಾನು ಕೇಳೋದು."

"ಬರವಣಿಗೆಯಲ್ಲಿ ಕೊಡಿ" ಎಂದೆ. "ಬಾಯಿಮಾತಿನ ಮೇಲೆ ನಾನು ಏನೂ ಮಾಡುವ ಹಾಗಿಲ್ಲ."

ಮರುದಿನ ಹತ್ತು ಗಂಟೆಗೆ ದೂರು ತಂದುಕೊಟ್ಟರು. ಒಂದೇ ಪುಟ, ಒಂದೂ ತಪ್ಪಿಲ್ಲ. ನಾನು ಅದಕ್ಕೆ ಒಳಬರುವ ಪತ್ರದ ಸಂಖ್ಯೆ ಹಾಕಿ ಪ್ರಾಂಶುಪಾಲರಿಗೆ ಕಳಿಸಿದೆ. ಹಸ್ತಪ್ರತಿಯನ್ನು ಮೇಡಂ ಹುಡುಗನಿಗೆ ಹಿಂತಿರುಗಿಸಿದರು. ಒಂದು ಪುಟವನ್ನಾದರೂ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ ಎಂದು ಗಿರಣಿಯವರು ಹೇಳಿದರಂತೆ. ಕೇಳಲಿಲ್ಲ. ಕಳ್ಳನದಾದರೂ ಒಪ್ಪಿಸಿದ ಕೆಲಸ ಎಂದರಂತೆ.

ಹುಡುಗ ರಾಜಾಜಿನಗರದಲ್ಲಿ ಟೈಪ್ ಮಾಡಿಸಿ ಸಿ.ಡಿ. ತಂದುಕೊಟ್ಟ. ನಾನು ತಂತ್ರಾಂಶಕ್ಕೆ ಏರಿಸಿದೆ. ಫಲಿತಾಂಶ: ಶೇಕಡಾ ಮೂರು. ಆ ಮೂರೂ ಗ್ರಂಥಸೂಚಿಯ ಸಾಲುಗಳು. ಅಲ್ಲಿಯವರೆಗೆ ನಾನು ಪರೀಕ್ಷಿಸಿದ್ದ ಯಾವ ಪ್ರಬಂಧವೂ ಅಷ್ಟು ಶುದ್ಧವಾಗಿ ಬಂದಿರಲಿಲ್ಲ. ಬರಬೇಕಾದದ್ದೇ. ಅದರ ಮೂಲ ಯಾವ ಗ್ರಂಥಾಲಯದಲ್ಲೂ ಇರಲಿಲ್ಲ, ಯಾವ ತಾಣದಲ್ಲೂ ಇರಲಿಲ್ಲ.

ಪ್ರಾಂಶುಪಾಲರ ಕೋಣೆಯಲ್ಲಿ ನಾಲ್ವರಿದ್ದೆವು: ಪ್ರಾಂಶುಪಾಲರು, ಮುಖ್ಯಸ್ಥರು, ಮೇಡಂ, ನಾನು. ಮೇಡಂಗೆ ಯಾರೂ ಕುರ್ಚಿ ತೋರಿಸಲಿಲ್ಲ. ನಾನೂ ತೋರಿಸಲಿಲ್ಲ.

ಮುಖ್ಯಸ್ಥರು ಸಮಾಧಾನವಾಗಿಯೇ ಶುರುಮಾಡಿದರು. "ಅಗರಬತ್ತಿ ಹೊಸೆಯೋ ಹೆಂಗಸರೆಲ್ಲ ಒಂದೇ ಥರ ಮಾತಾಡ್ತಾರೆ ಕಣಮ್ಮ. ಎಲ್ಲರೂ ನಿಮ್ಮಮ್ಮನೇ ಆಗಲ್ಲ."

"ಎಲ್ಲರದೂ ಬಲಗೈ ಮುರಿದಿರಲ್ಲ ಸಾರ್."

"ಸರಿ, ಹಳೇ ಥೀಸಿಸ್ ಇತ್ತು ಅಂತೀರಲ್ಲ, ತೋರ್ಸಿ."

"ನನ್ನತ್ರ ಇಲ್ಲ. ನಾನು ಯಾರದ್ದೂ ಇಟ್ಕೊಳಲ್ಲ. ನಿಮ್ಮತ್ರ ಇದೆ."

"ನೋಡಿದ್ರಾ ಸಾರ್?" ಮುಖ್ಯಸ್ಥರು ಪ್ರಾಂಶುಪಾಲರ ಕಡೆ ತಿರುಗಿದರು. "ಹತ್ತು ವರ್ಷದ ಹಿಂದಿನ ಪುಟ ಪುಟ ನೆನಪಿದೆಯಂತೆ, ಕಾಪಿ ಮಾತ್ರ ಇಲ್ಲವಂತೆ. ಇಟ್ಕೊಳ್ಳದೇ ಹೆಂಗೆ ನೆನಪಿರತ್ತೆ? ನಮ್ಮ ಹುಡುಗರ ಪ್ರಬಂಧನೆಲ್ಲ ಇಟ್ಕೊಂಡು ಇನ್ಯಾರಿಗೆ ಕೊಡ್ತಿದಾರೋ! ಮಿಷನ್ನು ಮೂರು ಪರ್ಸೆಂಟ್ ಅಂತಿದೆ. ಇವರು ನೂರು ಅಂತಾರೆ. ಯಾರನ್ನ ನಂಬೋದು?"

ತಾಯಿಯ ವಿಷಯಕ್ಕೆ ಅಷ್ಟು ಹೊತ್ತು ಗಟ್ಟಿಯಾಗಿದ್ದ ಮೇಡಂ ದನಿ ಇದಕ್ಕೆ ನಡುಗಿತು. "ನಾನು ಸುಡ್ತೀನಿ ಸಾರ್. ಅವರ ಎದುರಿಗೇ ಸುಡ್ತೀನಿ. ಬೇಕಾದ್ರೆ ಇವರನ್ನ ಕೇಳಿ."

ಪ್ರಾಂಶುಪಾಲರು ನನ್ನನ್ನು ಕೇಳಿದರು. "ಹೇಳಿ, ನಿಮಗೆ ಇಪ್ಪತ್ತು ವರ್ಷದಿಂದ ಗೊತ್ತಲ್ಲ. ಇವರು ಕಾಪಿ ಇಟ್ಕೊತಾರಾ, ಇಲ್ವಾ?"

ನಾನು ಎದ್ದು ನಿಂತೆ. "ಖಚಿತವಾಗಿ ಗೊತ್ತಿಲ್ಲ ಸಾರ್. ನನ್ನ ಬಳಿ ದಾಖಲೆ ಇಲ್ಲ" ಎಂದೆ.

ಯಾರಿಗೂ ಹೆದರಿ ಹೇಳಿದ್ದಲ್ಲ ಅದು. ಮುಖ್ಯಸ್ಥರಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಹೇಳಬಾರದು ಎಂಬ ಅಭ್ಯಾಸ ನಾಲಿಗೆಯನ್ನು ನಡೆಸಿತು. ಮಹಡಿಯ ಮೇಲಿನ ಹೊಗೆ ಎಷ್ಟೋ ಸಲ ನನ್ನ ಕಣ್ಣಿಗೇ ಹೊಕ್ಕಿತ್ತು. ಅದನ್ನು ಹೇಳಲು ದಾಖಲೆ ಬೇಕಿರಲಿಲ್ಲ. ತಾಯಿಯ ಹೆಣದ ಮುಂದೆ ನಿಂತವನು ನಾನು. ಅದನ್ನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ ಎಂಬ ಕಾರಣಕ್ಕೆ.

ಮೇಡಂ ನನ್ನನ್ನು ನೋಡಲಿಲ್ಲ. ತಂದು ಮೇಜಿನ ಮೇಲಿಟ್ಟಿದ್ದ ಮರಣ ಪ್ರಮಾಣಪತ್ರವನ್ನು ಮಡಿಸಿ ಕವರಿಗೆ ಹಾಕಿಕೊಂಡು, "ಬರ್ತೀನಿ ಸಾರ್" ಎಂದು ಮೂವರಿಗೂ ಸೇರಿಸಿ ಒಂದೇ ಸಲ ಹೇಳಿ ಹೋದರು.

ಆ ಮಧ್ಯಾಹ್ನ ನಾನು ಸ್ವಂತಿಕೆಯ ಪ್ರಮಾಣಪತ್ರಕ್ಕೆ ಸಹಿ ಮಾಡಿದೆ. ಅಂಕಿ ಮಿತಿಯೊಳಗಿತ್ತು.

ವಾರದೊಳಗೆ ಸಿಬ್ಬಂದಿ ಕೋಣೆಯಲ್ಲಿ ಮಾತು ಹರಡಿತು: ಹೊಸಹಳ್ಳಿಯ ಟೈಪಿಂಗ್‌ನವಳು ಪ್ರಬಂಧ ಕದ್ದು ಮಾರುತ್ತಾಳೆ. ಕೆಂಗೇರಿ ಕಡೆಯ ಕಾಲೇಜುಗಳಿಗೂ ಮುಟ್ಟಿತು. ಬಕೆಟ್ಟಿನ ನೀರು ಬೆಳಿಗ್ಗೆ ತುಂಬಿದ್ದು ಸಂಜೆಗೂ ಹಾಗೇ ಇರುತ್ತಿತ್ತು ಎಂದು ಗಿರಣಿಯವರು ಚಿತಾಗಾರದಲ್ಲಿ ನಿಂತು ನನಗೆ ಹೇಳಿದರು. ಅದಾದ ಮೇಲೆ ನಾನು ಆ ಮೆಟ್ಟಿಲು ಹತ್ತಿರಲಿಲ್ಲ. ಹೊಸಹಳ್ಳಿಯ ದಾರಿ ಬಿಟ್ಟು ಮಾಗಡಿ ರಸ್ತೆಯ ಕಡೆಯಿಂದ ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ.

ಒಂದೇ ಸಲ ಎದುರಾದರು, ವಿಜಯನಗರ ಬಸ್ ನಿಲ್ದಾಣದಲ್ಲಿ, ಆ ವರ್ಷದ ದಸರಾ ಕಳೆದ ಮೇಲೆ. ತುಂಬಾ ಸೊರಗಿ ಹೋಗಿದ್ದರು. ಉಬ್ಬಸ ಹೆಚ್ಚಿದೆ ಎಂದರು. ಮಾತು ಬೆಳೆಸಬೇಕೆಂದು, ಈಗ ಏನು ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದೆ.

"ಬಾಡಿಗೆ ಕರಾರು ಟೈಪ್ ಮಾಡ್ತೀನಿ ಸಾರ್. ಅದ್ರಲ್ಲಿ ಎಲ್ಲಾ ಕಾಪಿನೇ. ಯಾರೂ ಬೇಜಾರ್ ಮಾಡ್ಕೊಳಲ್ಲ."

ನಾನು ನಗಲು ನೋಡಿದೆ. ಅವರು ನಗಲಿಲ್ಲ.

"ನಿಮ್ಮ ಮಿಷನ್ನು ಪ್ರಪಂಚನೆಲ್ಲ ಹುಡುಕತ್ತೆ ಅಂದಿದ್ರಿ. ನಮ್ಮಮ್ಮನ ವಠಾರ ಇಲ್ಲೇ ಇದೆ, ಎರಡು ಸ್ಟಾಪು. ಹೋಗಿ ಕೇಳಿದ್ರೆ ಯಾರಾದ್ರೂ ಹೇಳೋರು. ನೀವು ಹೋಗಲಿಲ್ಲ." ಬಸ್ಸು ಬಂತು. ಮೆಟ್ಟಿಲಿನ ಮೇಲೆ ನಿಂತು ಉಸಿರು ಹಿಡಿದು ಇನ್ನೊಂದು ಮಾತು ಸೇರಿಸಿದರು. "ಅಮ್ಮನ ಮಾತು ಹೋಗ್ಲಿ ಸಾರ್. ನನ್ನ ಕಳ್ಳಿ ಅಂದ್ರಲ್ಲ, ಅದಕ್ಕಾದ್ರೂ ಒಂದು ಮಾತು ಆಡ್ಬಹುದಿತ್ತು."

ಆಡಬಹುದಿತ್ತು. ಆಮೇಲೂ ಒಂಬತ್ತು ತಿಂಗಳು ಸಮಯವಿತ್ತು. ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಲು ಹದಿನೈದು ನಿಮಿಷ ಸಾಕಿತ್ತು. ಪ್ರತಿ ಸೋಮವಾರ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯುತ್ತಿದ್ದವನು ನಾನು. ಆ ಪತ್ರ ಯಾವ ಸೋಮವಾರದ ಪಟ್ಟಿಗೂ ಬರಲಿಲ್ಲ.

ಚಿತಾಗಾರದಿಂದ ಹನ್ನೆರಡೂವರೆಗೆ ಹೊರಟು, ಮನೆಯಲ್ಲಿ ಸ್ನಾನ ಮಾಡಿ, ಒಂದು ಗಂಟೆ ಇಪ್ಪತ್ತೈದಕ್ಕೆ ಕಾಲೇಜು ಮುಟ್ಟಿದೆ. ಕಚೇರಿಯಿಂದ ಆರು ಪ್ರಬಂಧಗಳ ಕಟ್ಟು ಬಂದಿತ್ತು. ಪದವಿ ಘೋಷಣೆಯಾದ ಮೇಲೆ ಒಂದೊಂದು ಪ್ರತಿ ಗ್ರಂಥಾಲಯಕ್ಕೆ ಸೇರಬೇಕು. ಒಂದೊಂದಾಗಿ ತೆಗೆದುಕೊಂಡೆ. ಐದನೆಯದು ಅದು. ಕಡುನೀಲಿ ರಟ್ಟು, ಬಂಗಾರದ ಬಣ್ಣದ ಅಕ್ಷರ.

ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿತ್ತು. ಸಕಾಲದ ಸಹಕಾರಕ್ಕಾಗಿ, ಎಂದಿತ್ತು. ನಾಲ್ಕನೆಯ ಅಧ್ಯಾಯ ತೆರೆದೆ. ಏಳನೆಯ ಸಂದರ್ಶನದಲ್ಲಿ ಆ ಹೆಂಗಸು ಎಡಗೈಯಲ್ಲಿ ಹೊಸೆಯುತ್ತಲೇ ಇದ್ದಳು.

ಒಳಪುಟಕ್ಕೆ ಮೊಹರು ಹಾಕಿದೆ. ದಾಖಲಾತಿ ಪುಸ್ತಕ ತೆರೆದು ಕ್ರಮಸಂಖ್ಯೆ, ದಿನಾಂಕ, ಶೀರ್ಷಿಕೆ ಬರೆದೆ. ಲೇಖಕರು ಎಂಬ ಕಾಲಂನಲ್ಲಿ ರಟ್ಟಿನ ಮೇಲಿದ್ದ ಹೆಸರನ್ನು ಚಿತ್ತಿಲ್ಲದೆ ಬರೆದೆ. ಕೊನೆಯಲ್ಲಿ, ವಿಶೇಷವೇನಾದರೂ ಇದ್ದರೆ ಬರೆಯಲು, ಷರಾ ಎಂಬ ಕಾಲಂ ಇದೆ. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಏನೂ ಬರೆಯಲಿಲ್ಲ. ಬೆನ್ನಿಗೆ ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟು ಬಂದು, ಆರನೆಯದನ್ನು ತೆಗೆದುಕೊಂಡೆ. ಐದು ಗಂಟೆಗೆ ಆರೂ ಮುಗಿದವು.